ರೇಟು ಇಳಿಸಿ ಅಂತ ಮತ್ತೆ ಪತ್ರ ಬಂದಿದೆ: ಕಾರ್ ಉದ್ಯಮದಲ್ಲಿ ವೆಂಡರ್‌ಗೆ ಬಲ ಅಂತ ಏನಾದ್ರೂ ಇದೆಯಾ?

ಪೀಣ್ಯ ಟರ್ನರ್

ನಮಸ್ಕಾರ ಎಲ್ಲರಿಗೂ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಶೆಡ್ ಇದೆ. ನಾಲ್ಕು ಸಿಎನ್‌ಸಿ ಲೇತು, ಒಂದು ಹಳೇ ಗ್ರೈಂಡರ್, ಹನ್ನೊಂದು ಜನ ಹುಡುಗರು. ಕಾರಿನ ಪವರ್ ಸ್ಟೇರಿಂಗ್‌ಗೆ ಹೋಗೋ ಒಂದು ಸ್ಲೀವ್ (ತೆಳು ಗೋಡೆಯ ಕೊಳವೆ ಥರದ್ದು), ಎರಡು ಬಗೆ ಪಿನ್ ಮಾಡ್ತೀವಿ. ಕಾರ್ ಕಂಪನಿಗೆ ನೇರ ಕೊಡೋದಲ್ಲ, ಅವರಿಗೆ ಸ್ಟೇರಿಂಗ್ ಜೋಡಿಸಿ ಕೊಡೋರಿಗೆ ಕೊಡೋದು. ಟಿಯರ್ 2 ಅಂತಾರಲ್ಲ, ಅದು.

ಹೋದ ವಾರ ಪತ್ರ ಬಂತು. ಏಪ್ರಿಲ್‌ನಿಂದ ಎಲ್ಲಾ ಐಟಂಗೂ ಶೇ 3 ಇಳಿಸಬೇಕಂತೆ. ಸತತ ಮೂರನೇ ವರ್ಷ. ಸ್ಲೀವ್‌ಗೆ ನಮ್ಮ ರೇಟು 18 ರೂಪಾಯಿ 40 ಪೈಸೆ. ಶೇ 3 ಅಂದ್ರೆ ಐವತ್ತೈದು ಪೈಸೆ, ಕೇಳೋಕೆ ಏನೂ ಅಲ್ಲ. ಆದ್ರೆ ತಿಂಗಳಿಗೆ 60,000 ಪೀಸ್ ಹೋಗುತ್ತೆ. 33,000 ರೂಪಾಯಿ ಆಯ್ತು. ಅಷ್ಟು ದುಡ್ಡಿಗೆ ನನಗೊಬ್ಬ ಮಿಷನ್ ಹೊಂದಿಸೋ ಒಳ್ಳೆ ಸೆಟ್ಟರ್ ಸಿಗ್ತಾನೆ.

ಮಗಳು ಎಂಬಿಎ ಓದ್ತಿದ್ದಾಳೆ. ರಾತ್ರಿ ಊಟಕ್ಕೆ ಕೂತಾಗ ಪತ್ರ ತೋರಿಸಿದೆ. ಪೋರ್ಟರ್ ಅನ್ನೋ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಹೇಳಿದ ಐದು ಬಲಗಳು ಅಂತ ಪತ್ರದ ಹಿಂದೇನೇ ಒಂದು ಚಿತ್ರ ಬರೆದು, ಕಾರ್ ಉದ್ಯಮದಲ್ಲಿ ವೆಂಡರ್ ಬಲ, ಅಂದ್ರೆ ಸರಕು ಕೊಡೋರ ಬಲ, ಕಡಿಮೆ ಅಂತ ಟಿಕ್ ಹಾಕಿ ಅನ್ನ ಕಲಸೋಕೆ ಶುರು ಮಾಡಿದಳು. ಸರಿ, ಒಪ್ಪಿದೆ. ಹಾಗಾದ್ರೆ 2021ರ ಸೆಪ್ಟೆಂಬರಲ್ಲಿ ಉಗುರಷ್ಟು ಚಿಪ್ ಸಿಗದೆ ಮಾರುತಿಯ ಹರಿಯಾಣ, ಗುಜರಾತ್ ಎರಡೂ ಕಡೆ ಉತ್ಪಾದನೆ ಮಾಮೂಲಿಯ ಶೇ 40ಕ್ಕೆ ಇಳೀತಲ್ಲ, ಅದು ಯಾರ ಬಲ? ಚಿಪ್ ಮಾಡೋನೂ ವೆಂಡರೇ, ನಾನೂ ವೆಂಡರೇ. ಅವನಿಗೆ ಯಾರೂ ಶೇ 3 ಪತ್ರ ಬರೆದಿಲ್ಲ. ಪತ್ರಕ್ಕೆ ಏನು ಉತ್ತರ ಬರೀಲಿ, ತಿಳಿದೋರು ಹೇಳಿ.

ಕೇಸ್ ಸ್ಟಡಿ ಮೇಷ್ಟ್ರು

ಸರ್, ಮಗಳು ಬರೆದಿದ್ದು ತಪ್ಪಲ್ಲ, ಅರ್ಧ. ಪೋರ್ಟರ್ ಇದನ್ನ ಬರೆದದ್ದು 1979ರಲ್ಲಿ. ಒಂದು ಉದ್ಯಮದ ಲಾಭ ಯಾರ್‍ಯಾರ ಕೈಗೆ ಹರಿದು ಹೋಗುತ್ತೆ ಅನ್ನೋದೇ ಅವರ ಪ್ರಶ್ನೆ. ಐದು ಬಲ ಅಂದ್ರೆ ಇರೋ ಕಂಪನಿಗಳ ಜಗಳ, ಹೊಸದಾಗಿ ಬರೋರು, ಬದಲಿ ವಸ್ತು, ಗಿರಾಕಿ, ಸರಕು ಕೊಡೋರು. ನಮ್ಮಲ್ಲಿ ಜಗಳ ಎಷ್ಟು ಜೋರು ಅಂದ್ರೆ, ಹತ್ತು ಕಾರಲ್ಲಿ ಸುಮಾರು ನಾಲ್ಕು ಮಾರುತಿ ಒಬ್ಬರೇ ಮಾರ್ತಾರೆ, ಉಳಿದದ್ದಕ್ಕೆ ಮಿಕ್ಕೋರೆಲ್ಲ ಕಿತ್ತಾಡ್ತಾರೆ. ಜನರಲ್ ಮೋಟರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸ್ತು, ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ತೀವಿ ಅಂತು. ಅಂಥ ಕಡೆ ಕಾರಿನ ಬೆಲೆ ಏರಿಸೋಕೆ ಆಗಲ್ಲ. ಹಾಗಾಗಿ ಉಳಿತಾಯ ಹುಡುಕೋ ಕೈ ಕೆಳಗೆ ಬರುತ್ತೆ, ನಿಮ್ಮ ಶೆಡ್ಡಿನ ತನಕ.

ಅರ್ಧ ಅಂದಿದ್ದು ಯಾಕೆ ಅಂದ್ರೆ, ‘ವೆಂಡರ್’ ಅನ್ನೋ ಒಂದೇ ಡಬ್ಬಿಗೆ ಚಿಪ್ಪನ್ನೂ ಪಿನ್ನನ್ನೂ ತುಂಬಿದ್ದಾಳೆ. 2020ರ ಲಾಕ್‌ಡೌನಲ್ಲಿ ಕಾರ್ ಕಂಪನಿಗಳು ಚಿಪ್ ಆರ್ಡರ್ ಕ್ಯಾನ್ಸಲ್ ಮಾಡಿದ್ವು. ಆ ಸಾಮರ್ಥ್ಯ ಲ್ಯಾಪ್‌ಟಾಪು, ಫೋನಿಗೆ ಹೋಯ್ತು. ವಾಪಸ್ ಬಂದು ಕೇಳಿದಾಗ ಸಾಲಿನ ಕೊನೇಲಿ ನಿಲ್ಲಿ ಅಂದ್ರು. ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿಗೆ ಆ ವರ್ಷ ಕಾರಿನಿಂದ ಬರ್ತಿದ್ದ ವರಮಾನ ಶೇ 3ರ ಆಸುಪಾಸು. ಗಿರಾಕಿ ಅವನಿಗೆ ಮುಖ್ಯ ಅಲ್ಲ, ಅವನು ಗಿರಾಕಿಗೆ ಮುಖ್ಯ. ನಿಮ್ಮದು ಸರಿಯಾಗಿ ಉಲ್ಟಾ.

ಪರ್ಚೇಸ್ ಅಕ್ಕ

ಟರ್ನರ್ ಅಣ್ಣ, ಆ ಪತ್ರ ನಾನೇ ಕಳಿಸಿರಬಹುದು. ತಮಾಷೆಗೆ ಹೇಳಿದೆ, ನಮ್ಮ ಕಂಪನಿ ಬೇರೆ. ಆದ್ರೆ ಪತ್ರ ಹೇಗೆ ಹುಟ್ಟುತ್ತೆ ಅಂತ ಗೊತ್ತು. ಕಾರ್ ಕಂಪನಿಯೋರು ನಮಗೆ ಕಾಸ್ಟ್ ಡೌನ್ ಕೊಡಿ ಅಂತಾರೆ. ನಾವು ವೆಂಡರ್ ಪಟ್ಟಿ ತೆಗೆದು ಇನ್ನೂರೈವತ್ತು ಜನಕ್ಕೆ ಒಂದೇ ಮೇಲ್ ಹಾಕ್ತೀವಿ. ಯಾರ ಲೆಕ್ಕವನ್ನೂ ಬಿಡಿಸಿ ನೋಡಿ ಕೇಳಿದ್ದಲ್ಲ ಅದು. ಬಲೆ ಬೀಸೋದು ಅಷ್ಟೇ. ಸುಮ್ಮನೆ ಸಹಿ ಹಾಕಿ ಕಳಿಸೋರು ಅರ್ಧಕ್ಕಿಂತ ಜಾಸ್ತಿ.

ಉತ್ತರ ಬರೆದೋರ ಫೈಲ್ ಮಾತ್ರ ತೆಗೀತೀವಿ. ಆಗ ನೋಡೋದು ಮೂರೇ. ಈ ಬಿಡಿಭಾಗಕ್ಕೆ ಅಪ್ರೂವ್ ಆದ ಸೋರ್ಸ್, ಅಂದ್ರೆ ಮಾಡಿ ಕೊಡೋರು, ಎಷ್ಟಿದ್ದಾರೆ. ಟೂಲು, ಫಿಕ್ಸ್ಚರು (ಮಿಷನ್ನಲ್ಲಿ ಪೀಸ್ ಹಿಡಿದಿಡೋ ಸಾಧನ), ಅಳೆಯೋ ಗೇಜು ಯಾರ ಹೆಸರಲ್ಲಿದೆ. ಬೇರೆಯವರಿಗೆ ಕೊಡಬೇಕಂದ್ರೆ ಎಷ್ಟು ತಿಂಗಳು. ಸ್ಟೇರಿಂಗ್ ಅಂದ್ರೆ ಸೇಫ್ಟಿ ಪಾರ್ಟು. ಸ್ಯಾಂಪಲ್, ಪಿಪಿಎಪಿ ಫೈಲು (ಪಾರ್ಟು ಒಪ್ಪಿಗೆಯ ದಾಖಲೆ), ಎಂಡ್ಯೂರೆನ್ಸ್ ಟೆಸ್ಟು, ಆಮೇಲೆ ಕಾರ್ ಕಂಪನಿಯ ಒಪ್ಪಿಗೆ. ನಮ್ಮಲ್ಲಂತೂ ಆರೇಳು ತಿಂಗಳು ಬೇಕೇ ಬೇಕು. ನಿಮ್ಮ ಸ್ಲೀವ್ ಬೇರೆ ಯಾರಾದ್ರೂ ಮಾಡ್ತಿದ್ದಾರಾ?

ಪೀಣ್ಯ ಟರ್ನರ್

ಪಿನ್ನು ಇನ್ನೂ ಇಬ್ಬರು ಮಾಡ್ತಾರೆ, ಒಬ್ಬರು ನಮ್ಮ ಪಕ್ಕದ ರೋಡಲ್ಲೇ. ಸ್ಲೀವ್ ನಾನೊಬ್ಬನೇ ಅನ್ಸುತ್ತೆ. ಒಳಗಡೆ ಒಂದು ಗ್ರೂವ್ ಬರುತ್ತೆ, 12 ಮೈಕ್ರಾನ್ ಒಳಗೆ ಇರಬೇಕು. ಮೊದಲ ಆರು ತಿಂಗಳು ಬರೀ ರಿಜೆಕ್ಷನ್ನು. ಆಮೇಲೆ ನಮ್ಮ ಹಳೇ ಮೇಸ್ತ್ರಿ ಒಂದು ಫಿಕ್ಸ್ಚರ್ ಮಾಡಿದರು. ತೆಳು ಗೋಡೆ ನೋಡಿ, ಜಾಸ್ತಿ ಬಿಗಿ ಹಿಡಿದ್ರೆ ಬಿಚ್ಚಿದ ಮೇಲೆ ಪೀಸ್ ಮೊಟ್ಟೆ ಆಕಾರಕ್ಕೆ ಹೋಗುತ್ತೆ. ಅವರು ಲೇತಿನ ಮೂರು ದವಡೆ ಬದಲು ಸುತ್ತಲೂ ಅಪ್ಪಿಕೊಳ್ಳೋ ಹಾಗೆ ಮಾಡಿದರು. ಅದು ನಮ್ಮದೇ. ಇದು ಗಿರಾಕಿ ಆಸ್ತಿ ಅಂತ ಅಂಟಿಸೋ ಅವರ ಆಸೆಟ್ ಸ್ಟಿಕ್ಕರ್ ಇಲ್ಲ ಅದರ ಮೇಲೆ.

ಉದ್ಯಮಬಾಗ ಫೌಂಡ್ರಿ

ಅಣ್ಣಾರ, ಸ್ಟಿಕ್ಕರ್ ಇಲ್ಲ ಅಂದ್ರಲ್ಲ, ಆ ಮಾತಿಗೆ ಬಂಗಾರದ ಬೆಲಿ ಐತ್ರಿ. ನಂದು ಬೆಳಗಾವ್ಯಾಗ ಸಣ್ಣ ಫೌಂಡ್ರಿ. ಪುಣೆ ಕಡೆ ಒಂದು ಕಂಪನಿಗೆ ಬ್ರಾಕೆಟ್ ಕಾಸ್ಟಿಂಗ್ ಕೊಡ್ತಿದ್ದೆ. ಎಂಟು ವರ್ಷದ ಗಿರಾಕಿ. ಕೋಕ್ ತುಟ್ಟಿ ಆತು, ಪಿಗ್ ಐರನ್ ತುಟ್ಟಿ ಆತು, ರೇಟ್ ಹೆಚ್ಚ ಮಾಡ್ರಿ ಅಂತ ನಾಕ್ ಸಲ ಬರದೆ. ಉತ್ತರಾ ಇಲ್ಲ. ಐದನೇ ಸಲ, ಸೋಮವಾರದಿಂದ ಮಾಲ್ ಬಂದ್ ಮಾಡ್ತೀನಿ ಅಂತ ಬರದೆ.

ಶನಿವಾರ ಸಂಜಿಗೆ ಅವರದೊಂದು ಟೆಂಪೊ ಬಂದು ಗೇಟಿಗೆ ನಿಂತಿತ್ತು. ಒಳಗ ಒಬ್ಬಾಂವ, ಕೈಯಾಗ ಪತ್ರ. ಪ್ಯಾಟರ್ನ್ (ಎರಕದ ಅಚ್ಚು ಮಾಡೋ ಮಾದರಿ) ಎಲ್ಲಾ ಕಂಪನಿ ಆಸ್ತಿ, ವಾಪಸ್ ಕೊಡ್ರಿ. ಹುಡುಗೂರು ಉಸುಕು ಒರಸಿ ಒರಸಿ ಪ್ಯಾಟರ್ನ್ ಟೆಂಪೊಕ್ಕ ಏರಸಿದ್ರು, ನಾ ಚಾ ಕುಡಕೋತ ನೋಡಿದೆ. ಹದಿನೈದು ದಿನದಾಗ ಕೊಲ್ಹಾಪುರದಾಗ ಅದೇ ಬ್ರಾಕೆಟ್ ಎರಕಾ ಹೊಯ್ಯಾಕ ಹತ್ತಿದ್ರು. ಪ್ಯಾಟರ್ನ್ ಅವರದು, ಡ್ರಾಯಿಂಗ್ ಅವರದು, ನಮ್ಮದು ಬರೀ ಬೆಂಕಿ. ಬೆಂಕಿ ಎಲ್ಲಿ ಬೇಕಾದಲ್ಲಿ ಸಿಗತೈತಿ.

ಮಿಶಿಗನ್ ಚಳಿ

ಫೌಂಡ್ರಿ ಅಣ್ಣ ಮಾಡಿದ್ದನ್ನೇ ಜರ್ಮನಿಯಲ್ಲಿ ಮಾಡಿ ಗೆದ್ದವರಿದ್ದಾರೆ. 2016ರ ಆಗಸ್ಟ್. ಪ್ರಿವೆಂಟ್ ಅನ್ನೋ ಗುಂಪಿನ ಎರಡು ಕಂಪನಿಗಳು ಫೋಕ್ಸ್‌ವ್ಯಾಗನ್‌ಗೆ ಸರಕು ನಿಲ್ಲಿಸಿದವು. ಒಂದು ಸೀಟಿನ ಕವರ್, ಇನ್ನೊಂದು ಗೇರ್‌ಬಾಕ್ಸಿನ ಎರಕದ ಭಾಗ. ವೋಲ್ಫ್ಸ್‌ಬರ್ಗ್‌ನಲ್ಲಿ ಗಾಲ್ಫ್ ಲೈನ್ ನಿಂತಿತು. ಆರು ಪ್ಲಾಂಟಿನ ಸುಮಾರು 28,000 ಜನರ ಕೆಲಸಕ್ಕೆ ಪೆಟ್ಟು. ಕೋರ್ಟ್ ಆದೇಶ ಕೈಯಲ್ಲಿದ್ದರೂ ಕೊನೆಗೆ ರಾತ್ರಿಯೆಲ್ಲ ಕೂತು ರಾಜಿಯೇ ಮಾಡಿಕೊಳ್ಳಬೇಕಾಯಿತು. ಆದರೆ ಎರಡು ವರ್ಷ ಕಳೆಯುವ ಮೊದಲೇ ಫೋಕ್ಸ್‌ವ್ಯಾಗನ್ ಆ ಗುಂಪಿನ ಕಾಂಟ್ರಾಕ್ಟುಗಳನ್ನ ರದ್ದು ಮಾಡಿತು. ಲೈನ್ ನಿಲ್ಲಿಸೋ ತಾಕತ್ತು ಅಂದ್ರೆ ಜೇನುಹುಳದ ಕೊಂಡಿ, ಕಚ್ಚಬಹುದು, ಒಂದೇ ಸಲ.

ಇಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಹಳೇ ವೆಂಡರ್‌ಗಳ ಹತ್ತಿರ ಲೋಪೆಜ್ ಹೆಸರು ತೆಗೆದರೆ ಇವತ್ತಿಗೂ ಮುಖ ಕಹಿ ಆಗುತ್ತೆ. 1992ರಲ್ಲಿ ಜನರಲ್ ಮೋಟರ್ಸ್ ಖರೀದಿ ವಿಭಾಗಕ್ಕೆ ಬಂದ ಸ್ಪೇನಿನವರು. ಇದ್ದ ಕಾಂಟ್ರಾಕ್ಟ್ ಹರಿದು ಹಾಕಿ ಎಲ್ಲರನ್ನೂ ಮತ್ತೆ ಹರಾಜಿಗೆ ನಿಲ್ಲಿಸಿದರು. ಕಂಪನಿಗೆ ನೂರಾರು ಕೋಟಿ ಡಾಲರ್ ಉಳಿಯಿತು, ನಿಜ. ಮುಂದಿನ ವರ್ಷವೇ ಅವರು ಫೋಕ್ಸ್‌ವ್ಯಾಗನ್‌ಗೆ ಹಾರಿದರು, ಗುಟ್ಟಿನ ಕಾಗದ ಹೊತ್ತೊಯ್ದರು ಅಂತ ಕೇಸಾಯಿತು. 1997ರಲ್ಲಿ ರಾಜಿ: ಫೋಕ್ಸ್‌ವ್ಯಾಗನ್ 10 ಕೋಟಿ ಡಾಲರ್ ಕೊಟ್ಟು, ಜನರಲ್ ಮೋಟರ್ಸಿಂದ 100 ಕೋಟಿ ಡಾಲರಿನ ಬಿಡಿಭಾಗ ಕೊಳ್ಳೋಕೂ ಒಪ್ಪಿಕೊಂಡಿತು. ಆ ಕಾಲದವರು ಹೇಳೋದು ಇಷ್ಟು: ಹೊಸದೊಂದು ಐಡಿಯಾ ಬಂದರೆ ಅದನ್ನ ಮೊದಲು ಬೇರೆ ಗಿರಾಕಿಗೆ ತೋರಿಸ್ತಿದ್ದೆವು.

ಬಿಡದಿ ಎರಡನೇ ಶಿಫ್ಟ್

ಕಚ್ಚಿ ಸಾಯೋದು ಬಿಟ್ಟು ಬೇರೆ ದಾರಿನೂ ಇದೆ. ಬಿಡದಿಯ ಟೊಯೊಟಾ ಪ್ಲಾಂಟಲ್ಲಿ ಕೆಲಸ ಮಾಡೋರಿಗೆ ಟ್ರೈನಿಂಗಲ್ಲೇ ಈ ಕಥೆ ಹೇಳ್ತಾರೆ.

1997, ಫೆಬ್ರುವರಿ 1, ಶನಿವಾರ ಬೆಳಗಿನ ಜಾವ. ಜಪಾನಿನ ಕರಿಯಾದಲ್ಲಿ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಮಾಡ್ತಿದ್ದದ್ದು ಪಿ-ವಾಲ್ವ್ ಅಂತ, ಹಿಂದಿನ ಚಕ್ರದ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕು ಅಂತ ನೋಡಿಕೊಳ್ಳೋ ವಸ್ತು. ಮುಷ್ಟಿಯೊಳಗೆ ಹಿಡಿಯುತ್ತೆ. ಅಗ್ಗದ ಸಾಮಾನು, ಆದರೆ ಒಳಗಿನ ತೂತುಗಳು ಒಂದು ಕೂದಲಷ್ಟೂ ಆಚೀಚೆ ಆಗಬಾರದು. ಟೊಯೊಟಾಗೆ ಬೇಕಾದ ಪಿ-ವಾಲ್ವ್‌ನಲ್ಲಿ ಶೇ 99 ಅಲ್ಲಿಂದಲೇ ಬರ್ತಿತ್ತು. ಗೋದಾಮಿನಲ್ಲಿ ಇದ್ದದ್ದು ಕೆಲವೇ ಗಂಟೆ ಸ್ಟಾಕು, ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸೋ ಜಸ್ಟ್ ಇನ್ ಟೈಮ್ ಪದ್ಧತಿ ಅಲ್ವಾ. ಜಪಾನಲ್ಲಿ ಟೊಯೊಟಾದ ಲೈನುಗಳು ಹೆಚ್ಚುಕಡಿಮೆ ಎಲ್ಲ ನಿಂತವು.

ಆಮೇಲೆ ಆಗಿದ್ದು ನೋಡಿ. ಐಸಿನ್ ತನ್ನ ಡ್ರಾಯಿಂಗುಗಳನ್ನ ಕೇಳಿದೋರಿಗೆಲ್ಲ ಕೊಟ್ಟುಬಿಡ್ತು. ದೊಡ್ಡೋರು ಸಣ್ಣೋರು ಸೇರಿ ಸುಮಾರು ಇನ್ನೂರು ಕಂಪನಿಗಳು ಕೈ ಹಾಕಿದ್ವು. ಹೊಲಿಗೆ ಮಿಷನ್ ಮಾಡೋ ಬ್ರದರ್ ಕಂಪನಿ, ಕಾರಿನ ಪಾರ್ಟು ಮುಟ್ಟಿಯೇ ಇಲ್ಲದೋರು, ಅವರೂ ಒಂದು ಮಿಲ್ಲಿಂಗ್ ಮಿಷನ್ ಹೊಂದಿಸ್ಕೊಂಡು ಪಿ-ವಾಲ್ವ್ ಮಾಡಿದ್ರು. ರೇಟು ಎಷ್ಟು, ಯಾರು ಕೊಡ್ತಾರೆ ಅಂತ ಮೊದಲು ಯಾರೂ ಕೇಳಲಿಲ್ಲ. ಒಂದು ವಾರದಲ್ಲಿ ಲೈನು ಹೆಚ್ಚುಕಡಿಮೆ ಮಾಮೂಲಿಗೆ ಬಂತು.

ಟರ್ನರ್ ಸರ್, ಮೂವತ್ತು ನಲವತ್ತು ವರ್ಷ ಒಟ್ಟಿಗೆ ಬಾಳಿದ ವೆಂಡರ್‌ಗಳು ಅವರು. ನಿಮ್ಮ ಶೆಡ್ಡಿಗೆ ಬೆಂಕಿ ಬಿದ್ರೆ ನಿಮ್ಮ ಗಿರಾಕಿ ಸಹಾಯಕ್ಕೆ ಬರ್ತಾನಾ, ಅದನ್ನ ಯೋಚ್ನೆ ಮಾಡಿ.

ಗುಮಾನಿ ಗೌಡ

ಬರ್ತಾನೆ ಸ್ವಾಮಿ, ನಮ್ಮ ಬಿಲ್ಲಲ್ಲಿ ದುಡ್ಡು ಮುರಿಯೋ ಡೆಬಿಟ್ ನೋಟ್ ಹಿಡ್ಕೊಂಡು ಬರ್ತಾನೆ. ಲೈನ್ ನಿಂತ ಪ್ರತಿ ನಿಮಿಷಕ್ಕೆ ಇಷ್ಟು ಅಂತ.

ಜಪಾನ್ ಕಥೆ ಕೇಳೋಕೆ ಚೆನ್ನಾಗಿದೆ. ನಮ್ಮಲ್ಲಿ ಜಸ್ಟ್ ಇನ್ ಟೈಮ್ ಅಂದ್ರೆ ಏನು ಗೊತ್ತಾ? ಕಂಪನಿ ಗೋದಾಮು ಖಾಲಿ, ವೆಂಡರ್ ಗೋದಾಮು ತುಂಬ. ಪ್ಲಾಂಟಿನ ಎದುರಿಗೇ ನಾವು ಬಾಡಿಗೆ ಶೆಡ್ ಹಿಡಿದು ಹದಿನೈದು ದಿನದ ಮಾಲು ಇಟ್ಕೊಂಡು ಕಾಯ್ಬೇಕು, ಅವರು ಎರಡು ಗಂಟೆಗೊಂದು ಸಲ ಟ್ರಾಲಿ ಕಳಿಸ್ತಾರೆ. ಸ್ಟಾಕು ಎಲ್ಲೂ ಹೋಗಿಲ್ಲ, ಬಡ್ಡಿ ಕಟ್ಟೋನು ಬದಲಾಗಿದ್ದಾನೆ ಅಷ್ಟೇ. ಮೇಷ್ಟ್ರು ಹೇಳಿದ ಪೋರ್ಟರ್ ಚಿತ್ರದಲ್ಲಿ ಇದಕ್ಕೆ ಬಾಣ ಎಲ್ಲಿ?

ಪೇಮೆಂಟು ಇನ್ನೊಂದು. 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೇಲಿ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ ಬರೆದಿದೆ. ನನಗೆ ದುಡ್ಡು ಬರೋದು ತೊಂಬತ್ತಕ್ಕೆ. ಬಡ್ಡಿ ಕೇಳೋ ಹಕ್ಕಿದೆ, ಕೇಳಿದೋನಿಗೆ ಮುಂದಿನ ಆರ್ಡರ್ ಇಲ್ಲ. ಆದಾಯ ತೆರಿಗೇಲಿ 43ಬಿ(ಎಚ್) ಅಂತ ತಂದ್ರು, ಸಣ್ಣೋರಿಗೆ ಟೈಮಿಗೆ ಕೊಡದಿದ್ರೆ ಆ ವರ್ಷ ಖರ್ಚು ತೋರಿಸೋ ಹಾಗಿಲ್ಲ ಅಂತ. ನಮ್ಮ ಒಬ್ಬ ಗಿರಾಕಿ ಏನಂದ ಗೊತ್ತಾ, ‘ಸಣ್ಣ ಉದ್ದಿಮೆ ಅಂತ ಮಾಡಿಸಿದ ನಿಮ್ಮ ಉದ್ಯಮ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸ್ಕೊಳ್ಳಿ, ಇಬ್ಬರಿಗೂ ತಲೆನೋವು ತಪ್ಪುತ್ತೆ.’

ಪರ್ಚೇಸ್ ಅಕ್ಕ

ಗೌಡ್ರೇ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಮ್ಮ ಕಡೆಯೂ ಹಾಗೇ ನಡೆಯುತ್ತೆ. ಚೀನಾದಲ್ಲೂ ಇದೇ ರೋಗ. ಬೆಲೆ ಜಗಳ ವಿಪರೀತ ಆಗಿ ವೆಂಡರ್‌ಗಳ ದುಡ್ಡು ತಿಂಗಳುಗಟ್ಟಲೆ ತಡ ಆಗ್ತಿತ್ತು. ಸರ್ಕಾರ ಕಣ್ಣು ಬಿಟ್ಟ ಮೇಲೆ 2025ರ ಜೂನಲ್ಲಿ ಬಿವೈಡಿ, ಗೀಲಿ ಸೇರಿ ದೊಡ್ಡ ಕಂಪನಿಗಳೆಲ್ಲ 60 ದಿನದೊಳಗೆ ಕೊಡ್ತೀವಿ ಅಂತ ಮಾತು ಕೊಟ್ಟವು. ಅದೂ 60.

ಒಂದೇ ಗಿರಾಕಿ ಮೇಲೆ ನಿಲ್ಲೋದರ ಅಪಾಯ ಫೋರ್ಡ್ ಹೋದಾಗ ನಾನೇ ನೋಡಿದೆ. ಚೆನ್ನೈ ಕಡೆ ಒಬ್ಬರು ವೆಂಡರ್ ಬರೀ ಅವರ ಮಾಡೆಲ್‌ಗೋಸ್ಕರ ಮಿಷನ್ ಹಾಕಿದ್ದರು, ಇಎಂಐ ಇನ್ನೂ ಮೂರು ವರ್ಷ ಬಾಕಿ ಇತ್ತು.

ಕಂಕನಾಡಿ ಸ್ಪೇರ್ಸ್

ಎಲ್ಲರೂ ಕಾರ್ಖಾನೆ ಗೇಟಿನ ಎದುರೇ ನಿಂತು ಮಾತಾಡ್ತಾ ಇದ್ದೀರಿ ಮಾರಾಯ್ರೆ. ಹಿಂದಿನ ಬಾಗಿಲು ಒಂದುಂಟು, ಬಿಡಿಭಾಗದ ಅಂಗಡಿ. ನಾನು ಮಂಗಳೂರಲ್ಲಿ ಅದರಲ್ಲೇ ಇರುವುದು.

ನಿಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ನೋಡಿ, ಡೀಸೆಲ್ ಪಂಪಿಗೆ ಹೆಸರಾದ ವೆಂಡರ್. 1951ರಲ್ಲಿ ಶುರುವಾದದ್ದು, 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಅಂತಾಯಿತು. ಈಗಲೂ ನನ್ನ ಕೌಂಟರಿಗೆ ಬರುವ ಹಳೇ ಲಾರಿ ಡ್ರೈವರಣ್ಣ ಕೇಳುವುದು ‘ಮೈಕೋ ಪಂಪಿನದ್ದು ಎಲಿಮೆಂಟ್ ಉಂಟಾ’ ಅಂತಲೇ. ಲಾರಿ ಯಾವ ಕಂಪನಿಯದ್ದು ಅಂತ ಆಮೇಲೆ ಹೇಳ್ತಾನೆ. ಅಂಗಡಿಯಲ್ಲಿ ತನ್ನ ಹೆಸರೇ ಓಡುವ ವೆಂಡರಿಗೆ ಲಾರಿ ಕಂಪನಿಯ ಹೆದರಿಕೆ ಅಷ್ಟಿಲ್ಲ, ಎರಡನೇ ಕಿಸೆ ಉಂಟು ಅವನಿಗೆ.

ಕಾರ್ ಕಂಪನಿಗಳಿಗೆ ಇದು ಗೊತ್ತುಂಟು. ಅದಕ್ಕೇ ವೆಂಡರ್ ಹತ್ತಿರ ಬರೆಸಿಕೊಳ್ಳುವುದು, ಇದೇ ಪಾರ್ಟನ್ನು ಹೊರಗೆ ಮಾರಬಾರದು ಅಂತ. ಡ್ರಾಯಿಂಗ್ ನಮ್ಮದು ಅನ್ನುವುದು ಕಾರಣ. 2014ರ ಆಗಸ್ಟಲ್ಲಿ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಇಂಥದ್ದಕ್ಕೇ, ಬಿಡಿಭಾಗ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ. ಶೋರೂಮಲ್ಲಿ ಕಾರು ತೆಗೆಯುವಾಗ ಗಿರಾಕಿ ರಾಜ. ಎರಡು ವರ್ಷ ಬಿಟ್ಟು ಹೆಡ್‌ಲೈಟ್ ಒಡೆದಾಗ ಹೇಳಿ, ಯಾರು ರಾಜ ಅಂತ.

ಹೊಸೂರು ಶಟಲ್

ನಾನು ದಿನಾ ಬೆಂಗಳೂರಿಂದ ಹೊಸೂರಿಗೆ ಓಡಾಡೋನು, ಎಲೆಕ್ಟ್ರಿಕ್ ಸ್ಕೂಟರ್ ಲೈನು. ಟರ್ನರ್ ಸರ್, ಪವರ್ ಸ್ಟೇರಿಂಗ್ ಅಂದ್ರಲ್ಲ, ಈಗಿನದು ಎಲೆಕ್ಟ್ರಿಕ್ಕೇ ಇರಬೇಕು. ಅದರ ಮೋಟಾರಲ್ಲೂ ರೇರ್ ಅರ್ಥ್ ಅನ್ನೋ ಲೋಹಗಳ ಮ್ಯಾಗ್ನೆಟ್ ಇರುತ್ತೆ. 2025ರ ಏಪ್ರಿಲಲ್ಲಿ ಚೀನಾ ಏಳು ಬಗೆಯ ರೇರ್ ಅರ್ಥ್‌ಗೂ ಅದರ ಮ್ಯಾಗ್ನೆಟ್ಟಿಗೂ ರಫ್ತು ಲೈಸೆನ್ಸ್ ಬೇಕು ಅಂತು. ಜಗತ್ತಿನ ಇಂಥ ಮ್ಯಾಗ್ನೆಟ್ಟಲ್ಲಿ ಹತ್ತಕ್ಕೆ ಒಂಬತ್ತು ಅವರದೇ. ಮೇ ಕೊನೇಲಿ ಜಪಾನಲ್ಲಿ ಸುಜುಕಿ ಸ್ವಿಫ್ಟ್ ಲೈನೇ ನಿಂತಿತು. ನಮ್ಮಲ್ಲಿ ಮೋಟಾರ್ ಎಷ್ಟು ಬರುತ್ತೆ ಅನ್ನೋದರ ಮೇಲೆ ಶಿಫ್ಟು ಹಾಕೋ ಹಾಗಾಯ್ತು. ಇಲ್ಲಿ ಬಲ ಒಂದು ಕಂಪನಿದಲ್ಲ, ಒಂದು ದೇಶದ್ದು. ಪೋರ್ಟರ್ ಚಿತ್ರದಲ್ಲಿ ಸರ್ಕಾರಕ್ಕೆ ಡಬ್ಬಿಯೇ ಇಲ್ಲ, ಅಲ್ವಾ ಮೇಷ್ಟ್ರೇ?

ಕೇಸ್ ಸ್ಟಡಿ ಮೇಷ್ಟ್ರು

ಇಲ್ಲ, ಅವರು ಸರ್ಕಾರವನ್ನ ಆರನೇ ಬಲ ಅಂತ ಒಪ್ಪಲಿಲ್ಲ. ಉಳಿದ ಐದರ ಮೂಲಕವೇ ಅದು ಕೆಲಸ ಮಾಡುತ್ತೆ ಅಂದರು. ನನಗೆ ಆ ವಾದ ಈಗೀಗ ಸಡಿಲ ಅನ್ನಿಸುತ್ತೆ.

ಅವರು ಹೇಳಿದ್ದರಲ್ಲಿ ಗಟ್ಟಿ ನಿಂತಿರೋದು ಇನ್ನೊಂದು. ಸರಕು ಕೊಡೋನೇ ನಾಳೆ ಗಿರಾಕಿಯ ಉದ್ಯಮಕ್ಕೆ ಇಳಿಯಬಲ್ಲ ಅನ್ನೋದಾದ್ರೆ ಅವನಿಗೆ ಬಲ ಜಾಸ್ತಿ. ಬಿವೈಡಿ ನೋಡಿ, 1995ರಲ್ಲಿ ಶೆನ್‌ಜೆನ್‌ನಲ್ಲಿ ಬ್ಯಾಟರಿ ಕಂಪನಿಯಾಗಿ ಹುಟ್ಟಿದ್ದು. ಫೋನ್ ಕಂಪನಿಗಳಿಗೆ ವೆಂಡರ್ ಆಗಿತ್ತು. 2003ರಲ್ಲಿ ಒಂದು ಕಾರ್ ಕಂಪನಿ ಕೊಂಡಿತು, ಜನ ನಕ್ಕರು. ಇವತ್ತು ಕಾರೂ ಅವರದೇ, ಬ್ಯಾಟರಿ ಸೆಲ್ಲೂ ಅವರದೇ, ಚಿಪ್ಪೂ ಒಂದಷ್ಟು ಅವರದೇ.

ಗುಮಾನಿ ಗೌಡ

ಆಯ್ತು, ಟರ್ನರಣ್ಣ ನಾಳೆಯಿಂದ ಪೀಣ್ಯದಲ್ಲಿ ಕಾರ್ ಬಿಡಲಿ. ಪತ್ರಕ್ಕೆ ಏನು ಉತ್ತರ ಬರೀಬೇಕು ಅಂತ ಕೇಳಿದ್ದು ಅವರು.

ಪರ್ಚೇಸ್ ಅಕ್ಕ

ಅಣ್ಣ, ಐಟಂ ಬೇರೆ ಬೇರೆ ಮಾಡಿ ಬರೀರಿ. ಪಿನ್ನಿಗೆ ಹಟ ಮಾಡ್ಬೇಡಿ, ಪಕ್ಕದ ರೋಡಿಗೆ ಹೋಗುತ್ತೆ. ಸ್ಲೀವ್‌ಗೆ ಆಗಲ್ಲ ಅಂತ ಬರೀಬೇಡಿ, ಲೆಕ್ಕ ಬರೀರಿ: ಮಟೀರಿಯಲ್ ಎಷ್ಟು, ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯೋ ಹೊತ್ತು) ಎಷ್ಟು, ಇನ್ಸರ್ಟ್ (ಲೋಹ ಕತ್ತರಿಸೋ ತುದಿ) ಎಷ್ಟು, ಕರೆಂಟ್ ಎಷ್ಟು. ಮಟೀರಿಯಲ್ ರೇಟು ಮೂರು ತಿಂಗಳಿಗೊಮ್ಮೆ ನೋಡಿ ಏರಿಳಿಸೋಣ ಅಂತ ಕೇಳಿ. ಫಿಕ್ಸ್ಚರ್ ವಿಷಯ ಬಾಯೇ ಬಿಡಬೇಡಿ. ಆ ಡ್ರಾಯಿಂಗ್ ಕೇಳಿದ್ರೂ ಕೊಡಬೇಡಿ. ಇದನ್ನ ನಾನು ಹೇಳಬಾರದು.

ಪೀಣ್ಯ ಟರ್ನರ್

ಮೂರು ವಾರ ಆಯ್ತು, ಹೇಳಬೇಕಿತ್ತು. ಅಕ್ಕ ಹೇಳಿದ ಹಾಗೇ ಬರೆದೆ. ಮಗಳೇ ಲೆಕ್ಕದ ಶೀಟ್ ಮಾಡಿಕೊಟ್ಟಳು. ಬುಧವಾರ ಕರೆದರು. ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ಹುಡುಗ ಕೂತಿದ್ದ, ಶೀಟ್ ನೋಡಿದ. ನಾನು ಜಗಳ ಏನೂ ಆಡಲಿಲ್ಲ. ‘ಹೊಸ ಸೋರ್ಸ್ ಅಪ್ರೂವಲ್‌ಗೆ ಈಗ ಎಷ್ಟು ತಿಂಗಳು ಹಿಡಿಯುತ್ತೆ ಸರ್’ ಅಂತ ಸುಮ್ಮನೆ ಕೇಳಿದೆ. ಅವನು ತಲೆ ಎತ್ತಿ ನೋಡಿ, ಕಾಫಿ ತರಿಸಿದ. ಹದಿನಾಲ್ಕು ವರ್ಷದಲ್ಲಿ ಆ ಆಫೀಸಲ್ಲಿ ನನಗೆ ಮೊದಲ ಕಾಫಿ.

ಪಿನ್ನಿಗೆ ಶೇ 3 ಇಳಿಸಿದೆ. ಸ್ಲೀವ್ ಒಂದು ವರ್ಷ ಹಳೇ ರೇಟೇ. ಮಟೀರಿಯಲ್‌ದು ಆರು ತಿಂಗಳಿಗೊಮ್ಮೆ ನೋಡ್ತಾರಂತೆ, ಮೂರಕ್ಕೆ ಒಪ್ಪಲಿಲ್ಲ. ಖುಷಿಯಾಗಿದ್ದೆ. ನಿನ್ನೆ ಇನ್ಸರ್ಟ್ ಮಾರೋ ಹುಡುಗ ಬಂದಿದ್ದ. ಹೊಸೂರಲ್ಲಿ ಇನ್ನೊಂದು ಶಾಪಿಗೆ ನನ್ನ ಸ್ಲೀವ್‌ದೇ ಡ್ರಾಯಿಂಗ್ ಬಂದಿದೆಯಂತೆ, ಸ್ಯಾಂಪಲ್ ಮಾಡ್ತಿದ್ದಾರಂತೆ. ಹತ್ತರಲ್ಲಿ ಎಂಟು ಪೀಸ್ ಮೊಟ್ಟೆ ಆಗ್ತಿವೆಯಂತೆ, ಸದ್ಯಕ್ಕೆ.

ಪರ್ಚೇಸ್ ಅಕ್ಕ

ಕಾಫಿ ಕೊಟ್ಟ ದಿನವೇ ಡ್ರಾಯಿಂಗ್ ಕಳಿಸಿರ್ತಾರೆ ಅಣ್ಣ. ನಾವು ಹಾಗೇ ಮಾಡೋದು. ಆರೇಳು ತಿಂಗಳಿದೆ ನಿಮಗೆ.

ಉದ್ಯಮಬಾಗ ಫೌಂಡ್ರಿ

ಟರ್ನರ್ ಅಣ್ಣಾರ, ಆರ್ ತಿಂಗಳ ಸಾಕ್ರಿ. ನಮ್ಮ ಕಡೆ ಪಂಪ್ ಮಾಡೋರು ಒಬ್ಬರದಾರ, ನನ್ನ ಕಾಸ್ಟಿಂಗ್ ಒಯ್ತಾರ, ಅವರಿಗೆ ತೆಳು ಗೋಡಿ ಸ್ಲೀವ್ ಬೇಕಾಗೇತಿ. ತಿಂಗಳಿಗೆ ನಾಕ್ ಸಾವಿರ ಪೀಸ್, ರೊಕ್ಕ ಮೂವತ್ತು ದಿನಕ್ಕ. ಡ್ರಾಯಿಂಗ್ ಕಳಸ್ಲ್ಯಾ? ರೇಟ್ ನೋಡಿ ಹೇಳ್ರಿ. ಶೇ 3 ಮಾತ್ರ ಅವರೂ ಕೇಳ್ತಾರ, ಅದನ್ನ ಮೊದಲ ಸೇರಿಸಿ ಹೇಳ್ರಿ.